ಮೊಬೈಲಿನ ಬೆನ್ನಿಗೆ ಬಾಗಿಲ ಬಳೆ

"ಅಪ್ಪಾ, ಇದೇನು ಒಂದೊಂದೂ ಒಂದೊಂದು ಥರ ಕೂಗ್ತಿದೆ?"

ಶೇಲಾ ಕೈಯಲ್ಲಿದ್ದ ಪುಟ್ಟ ತಗಡಿಗೆ ತೂಗುತ್ತಿದ್ದ ಹಿತ್ತಾಳೆ ಬಳೆಯನ್ನು ಎತ್ತಿ ಬಿಟ್ಟಳು. ಟಣ್. ಪೆಟ್ಟಿಗೆಯಿಂದ ಇನ್ನೊಂದನ್ನು ತೆಗೆದು ಎತ್ತಿ ಬಿಟ್ಟಳು. ಟಿಂಗ್. ಮೂರನೆಯದು ಕುರಿಮರಿಯ ಕೊರಳ ಗಂಟೆಯಂತೆ ತೆಳ್ಳಗೆ ಉಲಿಯಿತು.

ಝೇನಿಲ್ ಕುಲುಮೆಯ ಕಡೆಯಿಂದ ತಿರುಗಿಯೂ ನೋಡಲಿಲ್ಲ. "ಮತ್ತೆ? ಒಂದೇ ಕೇರೀಲಿ ಎರಡು ಬಾಗಿಲು ಒಂದೇ ಥರ ಕೂಗಿದ್ರೆ ಹೆಂಗೆ? ಒಲೆ ಮುಂದಿರೋ ಹೆಂಗಸಿಗೆ ತನ್ನ ಬಾಗಿಲು ಯಾವ್ದು, ಪಕ್ಕದೋರ ಬಾಗಿಲು ಯಾವ್ದು ಅಂತ ಗೊತ್ತಾಗ್ಬೇಡ್ವಾ?"

"ಇದು ಬಾಗಿಲಿಗಲ್ಲಪ್ಪಾ, ಮೊಬೈಲಿಗೆ. ಬೆರಳು ತೂರಿಸಿ ಹಿಡ್ಕೊಳ್ಳೋಕೆ."

"ಮೊಬೈಲೂ ಕೂಗೋದೇ ಅಲ್ವೇನೇ?"

ಟ್ರಾವ್ನಿಕ್ ಊರಿನ ಮೇಲಿನ ಬೆಟ್ಟದ ಹಳ್ಳಿಯಲ್ಲಿ ಮೂವತ್ತು ವರ್ಷ ಅವನು ಬಡಿದದ್ದು ಬಾಗಿಲ ಬಳೆಗಳನ್ನೇ. ಹಲ್ಕಾ ಎನ್ನುತ್ತಾರೆ ಅದಕ್ಕೆ. ಹೂ ಕೊರೆದ ತಗಡು, ಅದರಿಂದ ತೂಗುವ ಬಳೆ, ಬಳೆ ಬಂದು ಬಡಿಯಲು ಒಂದು ಗುಬಟು. ಈಗ ಎಲ್ಲ ಬಾಗಿಲಿಗೂ ಕರೆಂಟಿನ ಗಂಟೆ. ಕಳೆದ ಸುಗ್ಗಿಯಿಂದ ಹಲ್ಕಾ ಕೇಳಿ ಬಂದವರು ಇಬ್ಬರೇ. ಚಳಿಗಾಲದಲ್ಲಿ ಶೇಲಾ ಅದೇ ರೂಪವನ್ನು ಆಕ್ರೋಟು ಕಾಯಿಯಷ್ಟು ಚಿಕ್ಕದಾಗಿ ಕಾಗದದ ಮೇಲೆ ಬರೆದು, ಸರಾಯೆವೊದ ಹಳೇ ಪೇಟೆಯ ಅಂಗಡಿಯೊಂದಕ್ಕೆ ಒಯ್ದಿದ್ದಳು. ಅಂಗಡಿಯ ವಿಲ್ದಾನಾ ಮೊದಲಿಗೆ ಮೂವತ್ತಾರು ಕೇಳಿದ್ದಳು. ಒಪ್ಪಿಗೆಯಾದರೆ ವರ್ಷವಿಡೀ ಕೆಲಸ. ಇಲ್ಲವಾದರೆ ಝೇನಿಲ್ ಸೋಮವಾರದಿಂದ ಮರ ಕೊಯ್ಯುವ ಕಾರ್ಖಾನೆಗೆ ಕಾವಲುಗಾರ. ಅಲ್ಲಿಗೆ ಮಾತು ಕೊಟ್ಟಾಗಿತ್ತು. ಮನೆಯಲ್ಲಿ ಆ ಸುದ್ದಿಯನ್ನು ಯಾರೂ ಎತ್ತುತ್ತಿರಲಿಲ್ಲ.

ವಿಲ್ದಾನಾ ಹನ್ನೊಂದಕ್ಕೆ ಬಂದಳು. ತಗಡಿನ ಹೂವಿನ ಮೇಲೆ ಹೆಬ್ಬೆರಳು ಆಡಿಸಿದಳು. ತನ್ನ ಮೊಬೈಲಿಗೆ ಒಂದನ್ನು ಅಂಟಿಸಿಕೊಂಡು ಹಲಗೆಯ ಮೇಲಿಟ್ಟಳು. ಟಣ್. ಎತ್ತಿದಳು, ಮತ್ತೆ ಇಟ್ಟಳು. ಟಣ್.

"ಕೆಲಸ ಕಣ್ಣು ತುಂಬೋ ಹಾಗಿದೆ ಮೇಸ್ತ್ರಿಗಳೇ. ಆದ್ರೆ ಬಸ್ಸಲ್ಲಿ, ಆಸ್ಪತ್ರೇಲಿ ಹೀಗೆ ಬಡ್ಕೊಂಡ್ರೆ ಯಾರು ತಗೋತಾರೆ? ಸದ್ದಾಗ್ದೇ ಇರ್ಬೇಕು. ಈ ಗುಬಟನ್ನ ಅರದಲ್ಲಿ ಉಜ್ಜಿ ತೆಗೆದ್ಬಿಡಿ. ಕೆಳಗೆ ಊರಲ್ಲಿ ನಮ್ಮ ಚಿಕ್ಕಮ್ಮನ ನೋಡ್ಕೊಂಡು ನಾಲ್ಕಕ್ಕೆ ಬರ್ತೀನಿ."

ಅಂಟಿಸಿದ್ದನ್ನು ಕಿತ್ತು ಪೆಟ್ಟಿಗೆಗೆ ಹಾಕಿ ಅವಳು ಇಳಿದು ಹೋದ ಮೇಲೆ ಶೇಲಾ ಯಾರನ್ನೂ ಕೇಳದೆ ಒಂದನ್ನು ಇಕ್ಕಳದಲ್ಲಿ ಹಿಡಿದು ಅರ ಎಳೆಯತೊಡಗಿದಳು.

"ಬಿಡು," ಎಂದ ಝೇನಿಲ್.

"ಸೋಮವಾರ ಬಂತಪ್ಪಾ."

ಅವಳು ಉಜ್ಜಿ ಮುಗಿಸಿದ್ದನ್ನು ಅವನು ತೆಗೆದುಕೊಂಡು ಬಳೆಯನ್ನು ಎತ್ತಿ ಬಿಟ್ಟ. ಅಂಗಿಯ ಗುಂಡಿ ಬಿದ್ದಂತಾಯಿತು.

"ಇದು ಹಲ್ಕಾ ಅಲ್ಲ. ಕಿಟಕಿ ಪರದೆ ಉಂಗುರ."

ಹೆಂಡತಿ ರಾಜಿಯಾ ಆಲೂಗಡ್ಡೆ ತುಂಬಿ ಸುಟ್ಟ ಪಿಟಾ ಹೊತ್ತು ತಂದವಳು ತಂದೆ ಮಗಳ ಮುಖ ನೋಡಿ ವಿಷಯ ಕೇಳಿದಳು. ಕೇಳಿ ನಕ್ಕಳು.

"ಸದ್ದಾಗ್ಬಾರ್ದು ಅಂದ್ರೆ ಕತ್ತು ಕುಯ್ಬೇಕಾ? ಇವಳು ಹುಟ್ಟಿದಾಗ ನಿಮ್ಮಮ್ಮ ಏನ್ ಮಾಡಿದ್ರು? ಬಾಣಂತನ ಮುಗಿಯೋವರ್ಗೂ ಬಾಗಿಲ ಬಳೆಗೆ ಬಟ್ಟೆ ಸುತ್ತಿರ್ಲಿಲ್ವಾ? ನಿಮ್ಮಪ್ಪ ಹಾಸಿಗೆ ಹಿಡಿದಾಗ್ಲೂ ಅಷ್ಟೇ. ಇವಳು ಹುಟ್ಟಿದಾಗ ನೀವು ಕುಡಿದು ಬಂದು ಬಳೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಬಡಿದು ಬೈಸ್ಕೊಂಡಿದ್ದು ನಂಗಿನ್ನೂ ನೆನಪಿದೆ."

"ಕುಡಿದಿರ್ಲಿಲ್ಲ. ಮಗಳು ಹುಟ್ಟಿದ ಖುಷಿ."

"ಖುಷಿ ವಾಸನೆ ಹೊಡೀತಿತ್ತು ಬಿಡಿ."

ಝೇನಿಲ್ ಪಿಟಾ ಮುಟ್ಟಲಿಲ್ಲ. ಕುಲುಮೆಯ ತಿದಿಗೆ ತೇಪೆ ಹಾಕಲು ಇಟ್ಟಿದ್ದ ಮೇಕೆ ಚರ್ಮವನ್ನು ಮೂಲೆಯಿಂದ ತಂದು, ಹುಲ್ಲಿನ ಎಸಳಿನಷ್ಟು ಅಗಲಕ್ಕೆ ಸೀಳತೊಡಗಿದ. ಬಳೆ ಗುಬಟಿಗೆ ತಾಗುವ ಜಾಗಕ್ಕೆ ಎರಡು ಸುತ್ತು, ಮೇಣ ತೀಡಿದ ದಾರದ ಒಂದು ಗಂಟು. ಶೇಲಾ ದಾರ ಕತ್ತರಿಸಿದಳು, ರಾಜಿಯಾ ಗಂಟು ಬಿಗಿದಳು. ಪಿಟಾ ಆರಿತು. ಅರ ಉಜ್ಜಿದ ಒಂದನ್ನು ಬಿಟ್ಟು ಮೂವತ್ತೈದು ಬಳೆಗಳು ಹಲಗೆಯ ಮೇಲೆ ಸಾಲಾಗಿ ಮಲಗಿದವು.

ನಾಲ್ಕಕ್ಕೆ ಬಂದ ವಿಲ್ದಾನಾ ಸ್ಟೂಲಿನ ಮೇಲೆ ಕುಳಿತು ಒಂದನ್ನು ಎತ್ತಿ ಬಿಟ್ಟಳು. ಸದ್ದಿಲ್ಲ. ಇನ್ನೊಂದು. ಅದಕ್ಕೂ ಇಲ್ಲ.

"ಬೇಕಂದ್ರೆ ಬಿಚ್ಚಬಹುದಾ?"

"ಬಿಚ್ಚೋದು ಮನೆಯೋರಿಗೆ ಬಿಟ್ಟಿದ್ದು," ಎಂದ ಝೇನಿಲ್.

ಅವಳು ತುಸು ಹೊತ್ತು ದಾರದ ಗಂಟನ್ನು ಉಗುರಿನಲ್ಲಿ ಆಡಿಸಿದಳು. "ಹೀಗೇ ಇನ್ನೂ ಇನ್ನೂರು ಬೇಕು. ಯಾವಾಗ ಶುರು ಮಾಡ್ತೀರಾ?"

ಝೇನಿಲ್ ಮಗಳ ಕಡೆ ನೋಡಿದ. "ಸೋಮವಾರ," ಎಂದ.

ಅಷ್ಟರಲ್ಲಿ ಪಕ್ಕದ ಮನೆಯ ಮುಹರೆಮ್ ಮೆಟ್ಟಿಲು ಹತ್ತುತ್ತಲೇ ಕೂಗಿಕೊಂಡು ಬಂದ. "ಏಯ್ ಝೇನಿಲ್! ದಾರಿಗಡ್ಡ ನಿಂತಿರೋದು ಯಾವ ಮಹಾರಾಣಿ ಕಾರೋ? ನನ್ನ ಹಸು ಏನು ಹಾರ್ಕೊಂಡು ಹೋಗ್ಬೇಕಾ?"

ಹೊಸ್ತಿಲಲ್ಲಿ ಅವನ ಕಣ್ಣು ಹಲಗೆಯ ಮೇಲೆ ಬಿತ್ತು. ಸಾಲಿಗೆ ಸಾಲು, ಸುತ್ತಿ ಕಟ್ಟಿದ ಬಳೆಗಳು. ತಲೆಯ ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

"ಯಾರಿಗೆ ಹುಷಾರಿಲ್ಲ?" ಎಂದು ಪಿಸುಗುಟ್ಟಿದ.

ಕಾರು ತೆಗೆಯಲೆಂದು ಎದ್ದ ವಿಲ್ದಾನಾ, ಸ್ಟೂಲನ್ನು ಎರಡೂ ಕೈಯಲ್ಲಿ ಎತ್ತಿ ಸದ್ದಾಗದಂತೆ ಗೋಡೆಯ ಬದಿಗೆ ಇಟ್ಟಳು.