ಲೀಕ್ ಟೆಸ್ಟ್

ನಾಲ್ವರು ಬಗ್ಗಿ ಚಟ್ಟದ ಬಿದಿರಿಗೆ ಕೈ ಹಾಕಿದ್ದರು.

"ಎತ್ತಬೇಡಿ," ಎಂದಳು ಗುಣವತಿ.

ಗಂಡನ ಅಣ್ಣ ತಾರಾನಾಥ ತಲೆಯೆತ್ತಿದ. "ಎಂತ ಗುಣವತಿ? ಇನ್ನು ಯಾರು ಬರಲಿಕ್ಕುಂಟು?"

"ಯಾರೂ ಇಲ್ಲ ಭಾವ. ಇವರೇ ವಾಪಸ್ ಬರಬಹುದಲ್ಲ? ಹಿಂದೆ ಒಮ್ಮೆ ಬರಲಿಲ್ವಾ?"

ಚಾವಡಿಯಲ್ಲಿ ನಾಲ್ವರೂ ಬಿದಿರಿನಿಂದ ಕೈ ತೆಗೆದರು. ಗ್ಯಾರೇಜಿನ ರೇಮಂಡ್ ತಲೆ ತಗ್ಗಿಸಿದ. ಆ ಸಲ ಗಂಡ ನಿತ್ಯಾನಂದ ಸತ್ತನೆಂದು ಅವಳಿಗೆ ಸುದ್ದಿ ತಂದವನು ಅವನೇ.

*

ಎಪ್ಪತ್ತೊಂಬತ್ತನೇ ಇಸವಿಯ ಬೇಸಗೆ. ಕೂಳೂರಿನ ಗ್ಯಾರೇಜಿಗೆ ಬಂದ ಟೂರಿಸ್ಟ್ ಬಸ್ಸಿನ ಏಸಿ ತಣ್ಣಗಾಗುತ್ತಿರಲಿಲ್ಲ. ಗ್ಯಾಸು ಎಲ್ಲಿ ಸೋರುತ್ತಿದೆಯೆಂದು ಹುಡುಕಲು ನಿತ್ಯಾನಂದನಿಗೆ ಗೊತ್ತಿದ್ದದ್ದು ಒಂದೇ ದಾರಿ: ಶೇವಿಂಗ್ ಬ್ರಶ್ಶಿನಿಂದ ಪೈಪಿನ ಜಾಯಿಂಟಿಗೆ ಸಾಬೂನಿನ ನೊರೆ ಬಳಿದು ಕಾಯುವುದು. ಸೋರುವಲ್ಲಿ ಗುಳ್ಳೆ ಉಬ್ಬುತ್ತದೆ. ಗಾಳಿ ಬೀಸಿದರೆ ನೊರೆ ಮೋಸ ಮಾಡುತ್ತದೆಂದು ಬಸ್ಸಿನ ಕಿಟಕಿ, ಬಾಗಿಲು ಎಲ್ಲ ಮುಚ್ಚಿಕೊಂಡಿದ್ದ. ಒಂದು ಜಾಯಿಂಟು ಬಿಟ್ಟಿತು. ಗ್ಯಾಸು ಬಸ್ಸು ತುಂಬಿತು. ಬಿದ್ದವನನ್ನು ಹೊಳೆಬದಿಗೆ ಎಳೆದು ತಂದವರಿಗೆ ಉಸಿರು ಕಾಣಲಿಲ್ಲ.

ರೇಮಂಡ್ ಸೈಕಲಿನಲ್ಲಿ ಬಂದು ಅಂಗಳದಲ್ಲಿ ನಿಂತು ಅತ್ತ. ಅವಳು ಬಾವಿಕಟ್ಟೆಗೆ ಕೈ ಬಡಿದು ಬಳೆ ಒಡೆದುಕೊಂಡು ಓಡಿದಳು. ತಲುಪಿದಾಗ ಗಂಡ ಹೊಳೆಗಾಳಿಗೆ ಎದ್ದು ಕುಳಿತಿದ್ದ.

"ಎಂತ ಮಾರಾಯ್ರೆ," ಎಂದು ಸುತ್ತ ನಿಂತವರನ್ನು ಕೇಳುತ್ತಿದ್ದ, "ಬಸ್ಸು ಬಿಡುವ ಹೊತ್ತಾಯ್ತಾ?"

ಅವಳಿಗೆ ಅಳು ಬರುವ ಮೊದಲೇ ಅವನ ಮುಷ್ಟಿಯಲ್ಲಿದ್ದ ತನ್ನ ಗಂಧದ ಸಾಬೂನು ಕಂಡಿತು.

"ಕಳ್ಳ! ನಾನು ಬೆಳಿಗ್ಗೆಯಿಂದ ಹುಡುಕ್ತಾ ಇದ್ದೇನೆ!"

ಆ ಸಂಜೆ ಅವನು ಹೊಸ ಬಳೆ ತಂದ. ಸಾಬೂನು ತರಲು ಮರೆತಿದ್ದ.

*

"ಅವತ್ತು ಗ್ಯಾಸು, ಗುಣವತಿಯಕ್ಕ," ಎಂದ ರೇಮಂಡ್ ಮೆಲ್ಲಗೆ. "ಇದು ಹಾರ್ಟು. ಡಾಕ್ಟ್ರು ನೋಡಿದ್ದಾರೆ."

"ನಾನು ನೋಡಲಿಲ್ಲ. ಇವರ ಬ್ರಶ್ ನಿನ್ನತ್ರ ಉಂಟಲ್ಲ, ಕೊಡು."

"ನಿನಗೆಂತ ಮರುಳಾ?" ಎಂದ ತಾರಾನಾಥ. "ಜನ ಎಂತ ಹೇಳಿಯಾರು?"

"ಜನ ಹೇಳಿದ್ದಕ್ಕೆ ಒಮ್ಮೆ ಬಳೆ ಒಡೆದಿದ್ದೇನೆ ಭಾವ."

ಗ್ಯಾರೇಜಿನಿಂದ ನೇರ ಬಂದಿದ್ದ ರೇಮಂಡ್ ಟೂಲ್ ಚೀಲದಿಂದ ಬ್ರಶ್ ತೆಗೆದು ಕೊಟ್ಟ. ಅವಳು ಬಚ್ಚಲಿನಿಂದ ತನ್ನ ಸಾಬೂನು ತಂದು, ತಂಬಿಗೆಯ ನೀರಿನಲ್ಲಿ ಬ್ರಶ್ ಅದ್ದಿ ನೊರೆ ಎಬ್ಬಿಸಿದಳು. ಹೆಂಗಸರು ಅಳು ನಿಲ್ಲಿಸಿ ನೋಡಿದರು. ಗಂಡನ ಮೂಗಿನಿಂದ ಹತ್ತಿ ತೆಗೆದು, ಅಲ್ಲಿ ನೊರೆ ಬಳಿದಳು.

"ಫ್ಯಾನ್ ಆಫ್ ಮಾಡಿ ಭಾವ. ಗಾಳಿ ಇರಬಾರದು."

ತಾರಾನಾಥ ಎದ್ದು ಸ್ವಿಚ್ ಒತ್ತಿದ. ಫ್ಯಾನು ಸುತ್ತಿ ಸುತ್ತಿ ನಿಂತಿತು. ಸೆಕೆ ಒಳಗೆ ಬಂತು.

ಮೂಗಿನ ಹೊಳ್ಳೆಯ ಮೇಲೆ ಒಂದು ಗುಳ್ಳೆ ನಿಂತಿತ್ತು. ಅದರೊಳಗೆ ಬಾಗಿಲಿನ ಬೆಳಕು, ಬಗ್ಗಿದ ಅವಳ ಮುಖ. ಸದ್ದಾಗದಂತೆ ಅವಳು ಬಲಗೈಯ ಬಳೆಗಳನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಪಕ್ಕದಲ್ಲಿ ಮೊಣಕಾಲೂರಿದ್ದ ರೇಮಂಡ್ ತನ್ನ ಬಾಯಿಗೆ ಕೈ ಅಡ್ಡ ಹಿಡಿದಿದ್ದ.

ಗುಳ್ಳೆ ಉಬ್ಬಲಿಲ್ಲ. ತೆಳುವಾಯಿತು, ಇಲ್ಲವಾಯಿತು. ಉಳಿದ ನೊರೆ ಮೀಸೆಯ ಮೇಲೆ ಬಿಳಿಯಾಗಿ ಒಣಗತೊಡಗಿತು.

ಗುಣವತಿ ಎಡಗೈ ಸಡಿಲಿಸಿದಳು. ಬಳೆಗಳು ಜಾರಿ ಒಂದಕ್ಕೊಂದು ತಾಗಿದವು.