ಹೊಟ್ಟೆ ಬಿಟ್ಟ ಗೋಡೆ

ಪುಣೆಯ ರವಿವಾರ ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಹಳೆಯ ವಾಡೆ ಇತ್ತು. ಅದರ ಮಾಲಕರು ಮೂವರು ಅಣ್ಣತಮ್ಮಂದಿರು. ಒಬ್ಬ ಭೋರಿನಲ್ಲಿ, ಒಬ್ಬ ಬಾರಾಮತಿಯಲ್ಲಿ, ಇನ್ನೊಬ್ಬ ಕೋರ್ಟಿನಲ್ಲಿ ಇರುತ್ತಾನೆ ಎಂದು ಓಣಿಯವರು ನಗುತ್ತಿದ್ದರು. ದಾವೆ ಮುಗಿಯುವವರೆಗೆ ಆ ಮನೆಗೆ ಒಂದು ಬುಟ್ಟಿ ಸುಣ್ಣ ತರುವವರೂ ಇರಲಿಲ್ಲ. ಛಾವಣಿಯ ನೀರು ಇಳಿಯುವ ಕೊಳವೆ ಒಡೆದು ನಾಲ್ಕು ಮಳೆಗಾಲ ಕಳೆದಿತ್ತು. ನೀರು ಮಣ್ಣಿನ ಗೋಡೆಯೊಳಗೇ ಇಳಿದು, ಬೀದಿಯ ಕಡೆಯ ಗೋಡೆ ಹೊರಕ್ಕೆ ಉಬ್ಬಿ ಹೊಟ್ಟೆ ಬಿಟ್ಟಿತ್ತು, ಉದ್ದಕ್ಕೆ ಬಿರುಕೂ ಬಿಟ್ಟಿತ್ತು.

ಮೇಲಿನ ಮಜಲಿನಲ್ಲಿ ಕಾಶವ್ವನ ಸಂಸಾರ. ಗಂಡ ನಿಜಲಿಂಗಪ್ಪ ಬಾಗಲಕೋಟೆಯ ಕಡೆಯವನು, ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಗೋಡೆಯ ಮಾತು ತೆಗೆದರೆ ಅವನದು ಒಂದೇ ಉತ್ತರ: "ಮಾಲಕರ ಗ್ವಾಡಿ, ಮಾಲಕರ ಚಿಂತಿ."

ಜ್ಯೇಷ್ಠ ಮಾಸದ ಒಂದು ಬೆಳಿಗ್ಗೆ ಮುನಸಿಪಾಲಿಟಿಯವರು ಬಂದು ಬಾಗಿಲಿಗೆ ನೋಟೀಸು ಅಂಟಿಸಿ ಹೋದರು. ಕಾಶವ್ವನಿಗೆ ಮರಾಠಿ ಓದಲು ಬರುತ್ತಿತ್ತು. ಈ ಮನೆ ಅಪಾಯದಲ್ಲಿದೆ, ಇಲ್ಲಿ ಯಾರೂ ವಾಸ ಮಾಡಬಾರದು ಎಂದು ಬರೆದಿತ್ತು. ಅದೇ ಸಂಜೆ ಮಗಳು ಶಾಮಲಾಳನ್ನು ನೋಡಲು ಸೊಲ್ಲಾಪುರದಿಂದ ಬೀಗರು ಬರುವವರಿದ್ದರು. ಬೀಳುವ ಮನೆಯ ಹುಡುಗಿ ಎಂದು ಅವರು ಹೊಸ್ತಿಲಿನಲ್ಲೇ ತಿರುಗಿ ಹೋದರೆ? ಕಾಶವ್ವ ಬಿಸಿನೀರು ಸುರಿದು, ಉಗುರಿನಿಂದ ಕೆರೆದು ಕಾಗದ ಕಿತ್ತಳು, ಒಲೆಗೆ ಹಾಕಿದಳು. ಗಂಡನಿಗೂ ಹೇಳಲಿಲ್ಲ.

ಬೀಗರು ಹುಡುಗಿಯನ್ನು ಒಪ್ಪಿದರು. ಮಾರ್ಗಶಿರದಲ್ಲಿ ಮದುವೆ ಎಂದಾಯಿತು. ಮದುವೆ ಮುಗಿಯಲಿ, ಆಮೇಲೆ ಬೇರೆ ಮನೆ ನೋಡಿದರಾಯಿತು ಎಂದುಕೊಂಡಳು.

ಹದಿನೈದು ದಿನಕ್ಕೆ ಕೆಳಗಿನ ಖಾಲಿ ಕೋಣೆಗೆ, ಮಾಲಕರಲ್ಲೊಬ್ಬ ಕಳಿಸಿದ ಬಾಡಿಗೆಯವರು ಬಂದರು. ಕುಂದಾಪುರದ ಕಡೆಯ ಭುಜಂಗ ಒಂದು ಹೊಟೇಲಿನಲ್ಲಿ ಅಡಿಗೆಯವನು. ಹೆಂಡತಿ ಲೀಲಾಕ್ಷಿ. ನಾಲ್ಕು ತಿಂಗಳ ಹೆಣ್ಣುಮಗು. ಲೀಲಾಕ್ಷಿ ಗಾಳಿ ಬರುತ್ತದೆ ಎಂದು ಸೀರೆಯ ಜೋಲಿಯನ್ನು ಬೀದಿಯ ಗೋಡೆಯ ಪಕ್ಕದಲ್ಲೇ ಕಟ್ಟಿದಳು.

ಕಾಶವ್ವ ಅದನ್ನು ನೋಡಿದಳು. ಬಾಯಿ ಬಿಡಲಿಲ್ಲ. ದಿನಕ್ಕೆ ನಾಲ್ಕು ಸಲ ಇಳಿದು ಬಂದು ಮಗುವನ್ನು ಹಿತ್ತಲಿನ ಬಾವಿಕಟ್ಟೆಗೆ ಎತ್ತಿಕೊಂಡು ಹೋಗುತ್ತಿದ್ದಳು. ಅದು ಮಮತೆ ಎಂದು ಲೀಲಾಕ್ಷಿ ತಿಳಿದಳು.

"ನಿಮ್ಮ ಸೊಂಟದಲ್ಲೇ ಬೆಳೀತಾಳೆ ನೋಡಿ ಅಕ್ಕ, ನನ್ನ ಗುರ್ತೇ ಮರೀತಾಳೆ" ಎಂದು ನಗುತ್ತಿದ್ದಳು.

ಆಷಾಢದ ಮಳೆ ಹಿಡಿಯಿತು. ಒಂದು ರವಿವಾರ ಮಲಕಪ್ಪ ಬಂದ. ಅವನು ನಿಜಲಿಂಗಪ್ಪನ ಊರಿನವನು, ಮುನಸಿಪಾಲಿಟಿಯಲ್ಲಿ ಗೋಡೆ ಕಟ್ಟುವ ಗೌಂಡಿ. ಕೆಳಗೆ ಕೂಸಿನ ಬಟ್ಟೆ ಒಣಹಾಕಿದ್ದನ್ನು ಕಂಡು ಗಾಬರಿಯಾಗಿ ಮೇಲೆ ಹತ್ತಿದ್ದ.

"ಕಾಶಕ್ಕಾ, ಈ ಮನಿಗೆ ನೋಟೀಸು ಹಚ್ಚಿದ್ರಲ್ಲ. ನೀವ ಇನ್ನೂ ಇದ್ದೀರಿ, ಕೆಳಗ ಹೊಸಬರನ್ನೂ ಬಿಟ್ಟಾರ?"

"ಯಾವ ನೋಟೀಸು?" ನಿಜಲಿಂಗಪ್ಪ ಹೆಂಡತಿಯ ಕಡೆ ನೋಡಿದ.

"ಮಳಿಗೆ ಕಿತ್ತು ಹೋಗಿರಬೇಕು" ಎಂದಳು ಕಾಶವ್ವ.

"ಇರ್ಲಿ ಬಿಡೋ, ಪೇಶವೆರ ಕಾಲದ ಗ್ವಾಡಿ" ಎಂದ ನಿಜಲಿಂಗಪ್ಪ. "ನಾವು ಸತ್ತರೂ ಇದು ಬೀಳಂಗಿಲ್ಲ."

"ಇದು ಬಿದ್ದು ನೀವು ಸಾಯಬಾರದು ಅಂತ ಬಂದೀನ್ರಿ ಅಣ್ಣಾರ. ಬಾಗಲಾ ಹಾಕಾಕ ಬರ್ತದೇನು?"

"ಬರೂದಿಲ್ಲ. ಮಳಿಗೆ ಕಟಗಿ ಉಬ್ಬೇದ."

"ಕಟಗಿ ಉಬ್ಬಿಲ್ಲ, ಚೌಕಟ್ಟ ವಾಲೇದ. ನನ್ನ ಮಾತು ಬ್ಯಾಡ, ಗ್ವಾಡಿನ ಹೇಳ್ಲಿ."

ಮಲಕಪ್ಪ ಹಿಟ್ಟಿನ ಅಂಟು ಕೇಳಿದ. ತೆಳ್ಳಗಿನ ಕಾಗದದ ನಾಲ್ಕು ಪಟ್ಟಿಗಳನ್ನು ಆ ಮಜಲಿನ ಗೋಡೆಯ ಬಿರುಕಿಗೆ ಅಡ್ಡವಾಗಿ, ಮೇಲ್ಗಡೆ ಎರಡು, ಕೆಳಗಡೆ ಎರಡು, ಬಿಗಿಯಾಗಿ ಅಂಟಿಸಿ ತಾರೀಖು ಬರೆದ. "ಗ್ವಾಡಿ ನಿಂತಲ್ಲೇ ನಿಂತರ ಕಾಗದ ಹಂಗ ಇರ್ತದ. ಹರೀತೂ ಅಂದ್ರ ಗ್ವಾಡಿ ಹೊಂಟೇದ ಅಂತ ತಿಳೀರಿ. ಆಮ್ಯಾಲ ಒಂದು ತಾಸೂ ಇರಬ್ಯಾಡ್ರಿ. ಕೆಳಗಿನವರಿಗೂ ಹೇಳ್ರಿ. ನಾಳೆ ಇಂಜಿನಿಯರ್ ಸಾಹೇಬರಿಗೂ ಹೇಳ್ತೀನಿ."

ಬುಧವಾರ ಬೆಳಿಗ್ಗೆ ಕಾಶವ್ವ ಎದ್ದು ನೋಡಿದಳು. ನಾಲ್ಕೂ ಪಟ್ಟಿ ನಡುವೆ ಹರಿದಿದ್ದವು. ನಿಜಲಿಂಗಪ್ಪ ಹರಿದ ಕಾಗದದ ಮೇಲೆ ಬೆರಳಾಡಿಸಿದ. "ಹಾಸಿಗಿ ಕಟ್ಟು" ಎಂದ.

ಕಾಶವ್ವ ಹಾಸಿಗೆ ಬಿಟ್ಟು ಕೆಳಗೆ ಓಡಿದಳು. ಜೋಲಿಯಿಂದ ಮಗುವನ್ನು ಎತ್ತಿಕೊಂಡು, "ಹೊರಗ ಬಾ ಲೀಲಾಕ್ಷಿ, ಗ್ವಾಡಿ ಬೀಳ್ತದ" ಎಂದಳು. ಭುಜಂಗ ಪಾತ್ರೆ, ಟ್ರಂಕು ಹೊರಗೆ ಹಾಕಿದ. ಎಲ್ಲರೂ ಮಳೆಯಲ್ಲಿ ಎದುರು ಕಟ್ಟೆಯ ಮೇಲೆ ನಿಂತರು.

ಲೀಲಾಕ್ಷಿ ಅಳುತ್ತ ಕಾಶವ್ವನ ಕೈ ಹಿಡಿದಳು. "ನೀವು ಇಲ್ಲದಿದ್ರೆ ನಮ್ಮ ಗತಿ ಏನು ಅಕ್ಕ? ಈ ಊರಲ್ಲಿ ನಮಗೆ ಯಾರಿದ್ದಾರೆ? ದೇವರ ಹಾಗೆ ಬಂದಿರಿ."

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಮಾತನ್ನು ನುಂಗಿಕೊಳ್ಳಲು ಕಾಶವ್ವನಿಂದ ಆಗಲಿಲ್ಲ.

"ಬಾಗಲಿಗೆ ನೋಟೀಸು ಇತ್ತು, ಲೀಲಾಕ್ಷಿ. ನಾನು ಕಿತ್ತೆ."

"ಯಾವಾಗ?"

"ನೀವು ಬರೂಕಿಂತ ಮದ್ಲ. ಬೀಗರು ಬರೂರಿದ್ರು. ನಾಚಿಕಿ ಆತು."

"ನಾವು ಬಂದ ಮೇಲೆ? ದಿನಾ ಬರ್ತಿದ್ರಲ್ಲ, ಒಂದು ದಿನ ಹೇಳ್ಲಿಕ್ಕೆ ಆಗ್ಲಿಲ್ವಾ?"

ಲೀಲಾಕ್ಷಿ ಬೈಯಲಿಲ್ಲ. ಕಾಶವ್ವನ ತೋಳಿನಿಂದ ಮಗುವನ್ನು ತೆಗೆದುಕೊಂಡು, ಕಟ್ಟೆಯ ಆ ತುದಿಗೆ ಹೋಗಿ ನಿಂತಳು. ನಿಜಲಿಂಗಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ತಲೆ ತಗ್ಗಿಸಿದ.

ಗೋಡೆ ಮರುದಿನ ಮಧ್ಯಾಹ್ನ ಬಿತ್ತು. ಹೆಚ್ಚು ಸದ್ದೂ ಆಗಲಿಲ್ಲ, ನೆಂದ ಮಣ್ಣು. ಜೋಲಿ ಕಟ್ಟಿದ್ದ ತೊಲೆ ಮಣ್ಣಿನಡಿ ಹೋಯಿತು. ಆಗ ಒಳಗೆ ಯಾರೂ ಇರಲಿಲ್ಲ.

ಸುದ್ದಿ ತಿಳಿದು ಸೊಲ್ಲಾಪುರದ ಬೀಗರು, ಕಾಶವ್ವನ ಸಂಸಾರ ಇಳಿದುಕೊಂಡಿದ್ದ ಧರ್ಮಶಾಲೆಗೆ ಹುಡುಕಿಕೊಂಡು ಬಂದರು. "ಮದ್ಲ ಹೇಳಬಾರದಾಗಿತ್ತೇನ್ರಿ?" ಎಂದರು ಬೀಗಿತ್ತಿ. "ಮಳಿಗಾಲ ಮುಗಿಯೂತನಕ ನಮ್ಮ ಮನಿಗೆ ಬರ್ರಿ ಅಂತಿದ್ವಿ. ಮನಿ ಬಿದ್ದರ ಹುಡುಗಿ ಕೆಡ್ತಾಳೇನು?" ಮದುವೆ ನಿಲ್ಲಲಿಲ್ಲ. ಕಾಶವ್ವ ಮದುವೆಗೆ ಕರೆಯಲು ಲೀಲಾಕ್ಷಿಯ ಹೊಸ ಮನೆಗೆ ಹೋದಳು. ಲೀಲಾಕ್ಷಿ ಅಕ್ಷತೆ ತೆಗೆದುಕೊಂಡಳು, ಕೂಡಲು ಚಾಪೆ ಹಾಸಿದಳು. ಮಗುವನ್ನು ಮಾತ್ರ ಕೊಡಲಿಲ್ಲ.

ಓದುವ, ಕೇಳುವ ಅಕ್ಕತಂಗಿಯರೇ, ಅಣ್ಣಂದಿರೇ, ನಮ್ಮ ಪೇಟೆಗಳಲ್ಲಿ ಇಂಥ ಮನೆಗಳು ಬಹಳ ಇವೆ. ನೀವು ಅಂಥದರಲ್ಲಿ ಇದ್ದರೆ, ಮಳೆಗೆ ಮುಂಚೆ ಛಾವಣಿಯ ಕೊಳವೆ ನೋಡಿ. ಗೋಡೆಗೆ ಬಿರುಕಿದ್ದರೆ ಕಾಗದದ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ಹರಿದರೆ ಆ ಕ್ಷಣವೇ ಹೊರಗೆ ಬನ್ನಿ, ಮುನಸಿಪಾಲಿಟಿಗೆ ತಿಳಿಸಿ. ಅವರು ಅಂಟಿಸಿದ ಕಾಗದಕ್ಕೆ ಕೈ ಹಚ್ಚಬೇಡಿ, ಅದು ನಿಮ್ಮೊಬ್ಬರಿಗಾಗಿ ಬರೆದದ್ದಲ್ಲ. ಕೆಳಗಿನ ಮನೆಯವರಿಗೆ, ಪಕ್ಕದವರಿಗೆ ಇಂದೇ ಹೇಳಿ. ಇಷ್ಟು ದಿನ ಮುಚ್ಚಿಟ್ಟು ಹೇಳಲು ಈಗ ಮುಖವಿಲ್ಲದಿದ್ದರೂ, ಹೋಗಿ ಹೇಳಿ.