ತುತ್ತು ನುಂಗುವ ತನಕ

ಹದಿನಾಲ್ಕನೆಯ ರೊಟ್ಟಿ ಬಡಿಯುವಾಗ ಚಂದಮ್ಮನ ಕೈ ನಿಂತಿತು. ಓಣಿಯಾಚೆ ಭಜನೆಯವರ ತಾಳ ಶುರುವಾಗಿತ್ತು. ತೀರಿಕೊಂಡ ಗಂಗಾಬಾಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಹಣೆತುಂಬ ವಿಭೂತಿ ಬಳಿದು, ಮಣ್ಣಿಗೆ ಒಯ್ಯುವ ಹೊತ್ತಾಯಿತು. ಸತ್ತವರ ಮನೆಯಲ್ಲಿ ಇವತ್ತು ಒಲೆ ಹೊತ್ತುವುದಿಲ್ಲ. ಬುತ್ತಿ ಒಯ್ಯುವುದು ನೆರೆಹೊರೆಯವರ ಪಾಲು.

“ನಜಮುನ್ನಿಸಾನೂ ಬುತ್ತಿ ಕಟ್ಯಾಳಂತ,” ಎಂದಳು ಮಗಳು ಪಂಚಶೀಲಾ.

“ಕಟ್ಟಲಿ. ಮೂವತ್ತು ವರ್ಷ ಕೂಡಿ ಕಳೆ ತೆಗೆದೇವಿ ಮೂರೂ ಮಂದಿ.”

“ಅಕೀ ಜೋಡಿ ಮಾತಾಡ್ತಿ?”

ಚಂದಮ್ಮ ಹಂಚಿನ ಮೇಲಿನ ರೊಟ್ಟಿ ಮಗುಚಿದಳು. ಅಷ್ಟರಲ್ಲಿ ಅದು ಕರಕಾಗಿತ್ತು.

ಮಾತು ಬಿಟ್ಟು ಹನ್ನೊಂದು ತಿಂಗಳು. ಚಂದಮ್ಮ ಪಂಚಾಯಿತಿ ಮೆಂಬರು. ಊರಿಗೆ ನೀರಿನ ಟಾಕಿ ಮಂಜೂರಾದಾಗ, ತಮ್ಮ ಓಣಿಯ ಸಮಾಜ ಮಂದಿರದ ಪಕ್ಕದಲ್ಲೇ ಆಗಬೇಕೆಂದು ಹಟ ಹಿಡಿದಳು. ಗ್ರಾಮಸಭೆಯಲ್ಲಿ ನಜಮುನ್ನಿಸಾ ಏನೋ ಹೇಳಲು ಎದ್ದಳು. “ನೀ ಕುಂದ್ರು, ನಿನ್ನ ಮಾತು ಕೇಳಾಕ ಯಾರೂ ಬಂದಿಲ್ಲ,” ಎಂದುಬಿಟ್ಟಳು ಚಂದಮ್ಮ, ಅದೂ ಮೈಕಿನಲ್ಲಿ. ನಜಮುನ್ನಿಸಾ ಕೂತಳು, ಅವಳ ಓಣಿಯವರೆಲ್ಲ ಎದ್ದು ಹೋದರು. ಸೋಮವಾರ ಮತ್ತೆ ಸಭೆ. ಈ ಸಲವೂ ಊರು ಒಂದಾಗದಿದ್ದರೆ ಟಾಕಿ ಬೇರೆ ಊರಿನ ಪಾಲು.

ಸಭೆಯಲ್ಲಿ ಕುರ್ಚಿ ಇದ್ದವು, ಮೈಕು ಇತ್ತು. ರೊಟ್ಟಿಯೊಂದು ಇರಲಿಲ್ಲ.

* * *

ಗಂಗಾಬಾಯಿ ಗೌಡತಿಯೇನಲ್ಲ. ಒಂದೆಕರೆ ಹೊಲ, ಉಳಿದದ್ದು ಕೂಲಿ. ಆಗೆಲ್ಲ ತೊಗರಿ ಹೊಲದ ಬೇವಿನ ಕೆಳಗೆ ಹೆಂಗಸರು ಜಾತಿಗೊಂದರಂತೆ ಮೂರು ಗುಂಪಾಗಿ ಉಣ್ಣುತ್ತಿದ್ದರು. ಒಂದು ದಿನ ಬೋರಿನ ನೀರಿನ ಪಾಳಿಗಾಗಿ ಚಂದಮ್ಮನಿಗೂ ನಜಮುನ್ನಿಸಾಗೂ ಜಗಳ ಹತ್ತಿಕೊಂಡಿತು. ಗಂಗಾಬಾಯಿ ತನ್ನ ಬುತ್ತಿ ಎತ್ತಿಕೊಂಡು ನಡುವೆ ಬಂದು ಕೂತಳು. ನಜಮುನ್ನಿಸಾಳ ಪುಂಡಿಪಲ್ಯ ತೆಗೆದು ಚಂದಮ್ಮನ ರೊಟ್ಟಿಗೆ ಹಚ್ಚಿದಳು.

“ತಿನ್ನು ಬೇ. ತುತ್ತು ನುಂಗೂ ತನಕ ಮಾತು ಅಕೀದು. ಆಮ್ಯಾಲ ಅಕೀ ನಿನ್ನ ಬುತ್ತಿಯಾಗಿಂದು ತಿಂತಾಳ, ಅವಾಗ ನೀ ಮಾತಾಡು.”

ಚಂದಮ್ಮ ಬಾಯಿತುಂಬ ಇಟ್ಟುಕೊಂಡೇ ಬೈಯಲು ಹೋಗಿ ರೊಟ್ಟಿಯ ಚೂರು ಸಿಡಿಸಿದಳು. ಬೇವಿನ ಕೆಳಗಿನವರೆಲ್ಲ ಬಿದ್ದು ಬಿದ್ದು ನಕ್ಕರು. ಪಾಳಿಯ ಜಗಳ ಅಲ್ಲೇ ಬಗೆಹರಿಯಿತು. ಬಸ್‌ ನಿಲ್ದಾಣದ ಸಾರಾಯಿ ಅಂಗಡಿ ಎತ್ತಿಸುವ ಅರ್ಜಿ, ಅಂಗನವಾಡಿಗೆ ಬಾಗಿಲು ಹಚ್ಚಿಸುವ ಮಾತು, ಎಲ್ಲವೂ ಮುಂದೆ ಹಾಗೇ ತೀರ್ಮಾನವಾದವು. ಚಂದಮ್ಮ ಚುನಾವಣೆಗೆ ನಿಲ್ಲಲಿ ಎಂದು ಮೊದಲು ಹೇಳಿದವಳು ನಜಮುನ್ನಿಸಾ.

* * *

ಮಣ್ಣು ಮುಗಿಸಿ ಬಂದವರು ಕಾಲು ತೊಳೆದು ಪಡಸಾಲೆಯಲ್ಲಿ ಕೂತರು. ಗಂಗಾಬಾಯಿಯ ಸೊಸೆ ವಿಜಯಶ್ರೀಯ ಕಣ್ಣು ಅತ್ತು ಅತ್ತು ಬಾತಿದ್ದವು.

“ಬುತ್ತಿ ಬಿಚ್ಚ್ರಿ ಎಲ್ಲಾರೂ. ಉಪಾಸ ಹೋದ್ರ ಅತ್ತಿ ಬೈತಿದ್ಲು,” ಎಂದಳು.

ನಜಮುನ್ನಿಸಾ ತಲೆಯ ಸೆರಗು ಸರಿಮಾಡಿಕೊಂಡು ಗಂಟು ಬಿಚ್ಚಿದಳು. ಅದೇ ಪುಂಡಿಪಲ್ಯ. ಎರಡೂ ಓಣಿಯ ಹೆಂಗಸರು ಉಣ್ಣುವುದನ್ನು ಮರೆತು ಇವರಿಬ್ಬರನ್ನೇ ನೋಡುತ್ತಿದ್ದರು. ಈಗ ಕೈ ಚಾಚಿದರೆ ಮೆಂಬರು ಸೋತಳು ಅನ್ನುತ್ತಾರೆಂದು ಚಂದಮ್ಮನಿಗೆ ಗೊತ್ತಿತ್ತು. ಅಂದುಕೊಳ್ಳಲಿ. ನಡುವೆ ಬಂದು ಕೂರುವವಳು ಇನ್ನು ಬರುವುದಿಲ್ಲವಲ್ಲ ಎಂಬ ಸಂಕಟವೇ ಅವಳಿಗೆ ಹೆಚ್ಚಾಯಿತು.

ರೊಟ್ಟಿ ಮುರಿದು, ನಜಮುನ್ನಿಸಾಳ ಪಲ್ಯಕ್ಕೆ ಅದ್ದಿ ಬಾಯಿಗಿಟ್ಟುಕೊಂಡಳು.

ನಜಮುನ್ನಿಸಾ ಬುತ್ತಿಯನ್ನು ಅವಳತ್ತ ಸರಿಸಿದಳು. “ಮಂದಿರದ ಬಾಜೂ ತಗ್ಗು ಅದ ಬೇ, ಚಂದಮ್ಮ. ಅಲ್ಲಿ ಟಾಕಿ ಕಟ್ಟಿದ್ರ ನಿಮ್ಮ ಓಣಿ ಮ್ಯಾಲಿನ ಮನಿಗೋಳಿಗೇ ನೀರು ಏರಂಗಿಲ್ಲ. ಅವತ್ತು ಅದನ್ನೇ ಹೇಳಾಕ ಎದ್ದಿದ್ದೆ.”

ಓಣಿಯ ಎಲ್ಲಕ್ಕಿಂತ ಮೇಲಿನ ಮನೆ ಚಂದಮ್ಮನದೇ.

ಬಾಯಲ್ಲಿದ್ದದ್ದು ಅಗಿದು ಅಗಿದು ನೀರಾಗಿತ್ತು. ನುಂಗಿದಳು. ಇನ್ನು ತಿನ್ನುವ ಸರದಿ ನಜಮುನ್ನಿಸಾಳದು, ಮಾತಿನ ಸರದಿ ತನ್ನದು, ಪಡಸಾಲೆಯೆಲ್ಲ ಕಾಯುತ್ತಿತ್ತು. ಚಂದಮ್ಮ ಬಾಯಿ ತೆರೆದಳು, ಮತ್ತೆ ನಜಮುನ್ನಿಸಾಳ ಬುತ್ತಿಗೇ ಕೈ ಚಾಚಿ, ಮೊದಲಿನದಕ್ಕಿಂತ ದೊಡ್ಡ ತುತ್ತು ಮಾಡಿ ಬಾಯಿಗಿಟ್ಟುಕೊಂಡಳು.